ತೊಟ್ಟಿಮನೆಗೆ ಎಂಥ ಬೆಳಕು? ಮೈನ್‌ಕ್ರಾಫ್ಟ್ ಶೇಡರ್ ಆರಿಸುವ ಬಗೆ

ಪ್ರಶ್ನೆ: ನಾನು ಮತ್ತು ನನ್ನ ತಮ್ಮ ಸೇರಿ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ತೊಟ್ಟಿಮನೆಯನ್ನು ಬ್ಲಾಕ್ ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟದಲ್ಲಿ ಕಟ್ಟಿದ್ದೇವೆ. ನಿಜವಾದ ಮನೆ ಈಗಿಲ್ಲ, ಕೆಡವಿಯಾಗಿದೆ. ಹಳೆಯ ಫೋಟೊ ನೋಡಿಕೊಂಡು ಕಂಬ, ಜಗಲಿ, ಹೆಂಚು ಎಲ್ಲ ಜೋಡಿಸಿದ್ದೇವೆ. ಅಮ್ಮನಿಗೆ ತೋರಿಸುವಾಗ ಅದು ನಿಜವಾದ ಮನೆಯ ಹಾಗೇ ಕಾಣಬೇಕು ಅಂತ ಆಸೆ. ವಿಡಿಯೊ ನೋಡಿ ‘ಅಲ್ಟ್ರಾ ರಿಯಲಿಸ್ಟಿಕ್ ಆರ್‌ಟಿಎಕ್ಸ್’ ಎಂಬ ಶೇಡರ್ (ಆಟದ ಬೆಳಕು ನೆರಳನ್ನು ಬದಲಿಸುವ ಕಡತ) ಹಾಕಿದೆವು. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 12ಕ್ಕೆ ಇಳಿಯಿತು. ಅಂಗಳದಲ್ಲಿ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಗ್ಗತ್ತಲೆ. ಲ್ಯಾಪ್‌ಟಾಪಿನಲ್ಲಿ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್ ಇದೆ. ಜಾವಾ ಆವೃತ್ತಿ ಆಡುತ್ತೇವೆ. ಯಾವ ಶೇಡರ್ ಪ್ಯಾಕ್ ಹಾಕಿದರೆ ಒಳ್ಳೆಯದು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಶೇಡರ್ ನಡೆಸಲು ಆಪ್ಟಿಫೈನ್ ಎಂಬ ಮಾಡ್ (ಆಟಕ್ಕೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಇದ್ದರೆ ಅದನ್ನು ಬಿಟ್ಟು, ಶೇಡರ್ ನಡೆಸುವ ಐರಿಸ್ ಮತ್ತು ಆಟದ ವೇಗ ಹೆಚ್ಚಿಸುವ ಸೋಡಿಯಂ ಹಾಕಿಕೊಳ್ಳಿ. ಅದರ ಮೇಲೆ ಕಾಂಪ್ಲಿಮೆಂಟರಿ ಅನ್‌ಬೌಂಡ್ ಎಂಬ ಶೇಡರ್ ಪ್ಯಾಕ್ ಹಾಕಿ, ಪ್ರೊಫೈಲ್ (ಸಿದ್ಧವಾಗಿರುವ ಗುಣಮಟ್ಟದ ಹಂತ) ಮೀಡಿಯಂ ಇರಲಿ, ರೆಂಡರ್ ಡಿಸ್ಟೆನ್ಸ್ (ಎಷ್ಟು ದೂರದವರೆಗೆ ಬಿಡಿಸಬೇಕೆಂಬ ಅಳತೆ) 8 ಇರಲಿ. ನಿಮ್ಮ ಲ್ಯಾಪ್‌ಟಾಪಿಗೆ ಇಷ್ಟು ಭಾರವಾಗುವುದಿಲ್ಲ.

ಆದರೆ ಅಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಒಳಮನೆಯ ಕತ್ತಲೆ ಹಾಗೇ ಉಳಿಯುತ್ತದೆ. ಶೇಡರ್ ಹೋಲಿಸುವ ವಿಡಿಯೊಗಳಲ್ಲಿ ತೋರಿಸುವುದು ಸಾಮಾನ್ಯವಾಗಿ ಕೆರೆ, ಮೋಡ, ಸೂರ್ಯಾಸ್ತ, ದೂರದ ಬೆಟ್ಟ. ಅಲ್ಲಿ ಗೆದ್ದ ಪ್ಯಾಕ್ ನಿಮ್ಮ ಮನೆಯೊಳಗೆ ಗೆಲ್ಲಬೇಕೆಂದಿಲ್ಲ. ನೀವು ಕಟ್ಟಿರುವುದು ನಾಲ್ಕೂ ಕಡೆ ಜಗಲಿ, ನಡುವೆ ತೆರೆದ ಆಕಾಶ ಇರುವ ಮನೆ. ಅಲ್ಲಿ ಬೆಳಕು ಬರುವುದು ಒಂದೇ ದಾರಿಯಿಂದ, ಮೇಲಿನಿಂದ. ಆ ಬೆಳಕು ತೊಟ್ಟಿಯ ಕಲ್ಲಿಗೆ ಬಿದ್ದು, ಅಲ್ಲಿಂದ ಚಿಮ್ಮಿ ಕಂಬಕ್ಕೆ, ಕಂಬದಿಂದ ಗೋಡೆಗೆ ಹೋಗುತ್ತಾ ಮೆತ್ತಗಾಗುತ್ತದೆ. ನಿಮ್ಮ ಅಮ್ಮನ ನೆನಪಿನಲ್ಲಿರುವುದು ಆ ಮೆತ್ತನೆಯ ಬೆಳಕೇ ಇರಬೇಕು. ಹಾಗಾಗಿ ಶೇಡರನ್ನು ಹೊರಗಿನ ದೃಶ್ಯದಿಂದ ಅಳೆಯಬೇಡಿ. ಜಗಲಿಯ ಮೇಲೆ, ಕಂಬಕ್ಕೆ ಒರಗಿ ಕೂತರೆ ಕಣ್ಣು ಎಲ್ಲಿರುತ್ತದೋ ಅಲ್ಲಿ ನಿಂತು ಅಳೆಯಿರಿ.

ಕತ್ತಲೆ ಯಾಕೆ ಬಂತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶೇಡರ್ ಇಲ್ಲದ ಮೈನ್‌ಕ್ರಾಫ್ಟ್‌ನಲ್ಲಿ ಬಿಸಿಲು ಎನ್ನುವುದೇ ಇಲ್ಲ. ಪ್ರತಿ ಬ್ಲಾಕಿಗೂ 0ರಿಂದ 15ರವರೆಗೆ ಒಂದು ಬೆಳಕಿನ ಅಂಕೆ ಇರುತ್ತದೆ, ಅಷ್ಟೆ. ಆಕಾಶ ನೇರವಾಗಿ ಕಾಣುವ ಜಾಗಕ್ಕೆ 15. ಅಲ್ಲಿಂದ ಪಕ್ಕಕ್ಕೆ ಸರಿದಂತೆ ಬ್ಲಾಕಿಗೆ ಒಂದರಂತೆ ಇಳಿಯುತ್ತದೆ. ನಿಮ್ಮ ತೊಟ್ಟಿ 15 ಆದರೆ ಜಗಲಿಯ ಅಂಚು 14, ನಾಲ್ಕು ಬ್ಲಾಕ್ ಒಳಗೆ 11, ಅದರಾಚೆ ಬಾಗಿಲು ದಾಟಿ ಹಿಂದಿನ ಕೋಣೆಯ ಮೂಲೆ ಮುಟ್ಟುವಷ್ಟರಲ್ಲಿ 3 ಅಥವಾ 2. ಇನ್ನು ಗೋಡೆಗಳ ಛಾಯೆಯೂ ಮೊದಲೇ ಬರೆದಿಟ್ಟದ್ದು: ಬ್ಲಾಕಿನ ಮೇಲ್ಮುಖಕ್ಕೆ ಪೂರ್ತಿ ಬೆಳಕು, ಉತ್ತರ ದಕ್ಷಿಣದ ಮುಖಗಳಿಗೆ ಅದರ ನೂರಕ್ಕೆ 80 ಭಾಗ, ಪೂರ್ವ ಪಶ್ಚಿಮಕ್ಕೆ 60, ತಳಕ್ಕೆ 50. ಸೂರ್ಯ ಎಲ್ಲಿದ್ದರೂ ಇದು ಬದಲಾಗದು.

ಶೇಡರ್ ಬಂದಾಗ ಮೊದಲು ಆಗುವುದು ನೆರಳಿನ ಲೆಕ್ಕ. ಸೂರ್ಯನ ಜಾಗದಲ್ಲಿ ಒಂದು ಕ್ಯಾಮೆರಾ ಇಟ್ಟಂತೆ ಇಡೀ ದೃಶ್ಯವನ್ನು ಇನ್ನೊಮ್ಮೆ ಬಿಡಿಸಿ, ಅಲ್ಲಿಂದ ಕಾಣುವ ಜಾಗಕ್ಕೆ ಬಿಸಿಲು, ಕಾಣದ ಜಾಗಕ್ಕೆ ನೆರಳು ಎಂದು ತೀರ್ಮಾನಿಸುತ್ತದೆ. ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೆರಳಿನ ಒಳಗಿನ ಬೆಳಕು, ಅಂದರೆ ನಿಮ್ಮ ಜಗಲಿಯ ಬೆಳಕು, ಹೆಚ್ಚಿನ ಪ್ಯಾಕ್‌ಗಳಲ್ಲಿ ಇನ್ನೂ ಅದೇ 0ರಿಂದ 15ರ ಅಂಕೆಯಿಂದಲೇ ಬರುತ್ತದೆ. ಬಿಸಿಲನ್ನು ಹಲವು ಪಟ್ಟು ಪ್ರಖರ ಮಾಡಿದ ಮೇಲೆ ಆ ಅಂಕೆಯ ಬೆಳಕು ಮಂಕಾಗಿ ಕಾಣುವುದು ಸಹಜ. ಜೊತೆಗೆ ಆಟೊ ಎಕ್ಸ್‌ಪೋಶರ್ (ದೃಶ್ಯಕ್ಕೆ ತಕ್ಕಂತೆ ಪ್ರಖರತೆಯನ್ನು ತಾನೇ ಹೊಂದಿಸುವುದು) ಇರುವ ಪ್ಯಾಕ್ ಆದರೆ, ಉರಿಯುವ ತೊಟ್ಟಿ ಕಣ್ಣೆದುರು ಬಂದ ಕೂಡಲೇ ಇಡೀ ಚಿತ್ರವನ್ನು ಇನ್ನಷ್ಟು ಕುಗ್ಗಿಸುತ್ತದೆ. ನಿಮಗೆ ಆಗಿರುವುದು ಇದೇ.

ಬೆಳಕು ನಿಜವಾಗಿ ಚಿಮ್ಮುವುದನ್ನೇ ಲೆಕ್ಕ ಹಾಕುವ ಪ್ಯಾಕ್‌ಗಳೂ ಇವೆ. ಎಸ್‌ಇಯುಎಸ್ ಪಿಟಿಜಿಐ ಅವುಗಳಲ್ಲಿ ಹೆಸರಾದದ್ದು. ಅದರಲ್ಲಿ ಕೆಂಪು ಗಾರೆ ನೆಲಕ್ಕೆ ಬಿದ್ದ ಬಿಸಿಲು ಪಕ್ಕದ ಸುಣ್ಣದ ಗೋಡೆಗೆ ತಿಳಿಗೆಂಪು ಹಚ್ಚುತ್ತದೆ. ನಿಮ್ಮ ಮನೆಗೆ ಅದಕ್ಕಿಂತ ತಕ್ಕದ್ದು ಇನ್ನೊಂದಿಲ್ಲ ಎಂದು ಒಪ್ಪುತ್ತೇನೆ, ಆದರೆ ನಿಮ್ಮ ಯಂತ್ರಕ್ಕೆ ಅದು ಬೇಡ. ನೀವು ಹಾಕಿ ನೋಡಿದ್ದು ಆ ಜಾತಿಯದೇ ಯಾವುದೋ ಆಗಿರಬಹುದು.

‘ಆರ್‌ಟಿಎಕ್ಸ್’ ಎಂಬ ಹೆಸರಿನ ಬಗ್ಗೆಯೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಬಹಳ ಮಂದಿ ಇದರಲ್ಲಿ ಎಡವುತ್ತಾರೆ. ಜಾವಾ ಆವೃತ್ತಿಯ ಈ ಶೇಡರ್‌ಗಳು ನಡೆಯುವುದು ಓಪನ್‌ಜಿಎಲ್ ಎಂಬ, ಕಾರ್ಡಿನಿಂದ ಚಿತ್ರ ಬಿಡಿಸುವ ವ್ಯವಸ್ಥೆಯ ಮೇಲೆ. ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡಿನಲ್ಲಿರುವ, ಬೆಳಕಿನ ಕಿರಣ ಹಿಂಬಾಲಿಸುವ ವಿಶೇಷ ಘಟಕಗಳನ್ನು ಓಪನ್‌ಜಿಎಲ್ ಮೂಲಕ ಈ ಪ್ಯಾಕ್‌ಗಳು ಮುಟ್ಟುವುದೇ ಇಲ್ಲ. ಪಿಟಿಜಿಐ ಕೂಡ ಬ್ಲಾಕ್‌ಗಳ ನಕ್ಷೆ ಮಾಡಿಕೊಂಡು ಕಾರ್ಡಿನ ಸಾಮಾನ್ಯ ಶಕ್ತಿಯಿಂದಲೇ ಆ ಕೆಲಸ ಮಾಡುತ್ತದೆ. ನಿಜವಾದ ಆರ್‌ಟಿಎಕ್ಸ್ ಬಂದಿರುವುದು ಮೈನ್‌ಕ್ರಾಫ್ಟ್‌ನ ಇನ್ನೊಂದು ಆವೃತ್ತಿಯಾದ ವಿಂಡೋಸಿನ ಬೆಡ್‌ರಾಕ್‌ಗೆ, 2020ರ ಡಿಸೆಂಬರಿನಲ್ಲಿ. ಅದಕ್ಕೆ ಬೇಕಾದ ಘಟಕಗಳು ನಿಮ್ಮ ಜಿಟಿಎಕ್ಸ್ 1650ರಲ್ಲಿ ಇಲ್ಲ. ಬೆಡ್‌ರಾಕ್‌ಗೆ 2025ರ ಜೂನ್‌ನಲ್ಲಿ ವೈಬ್ರೆಂಟ್ ವಿಶುವಲ್ಸ್ ಎಂಬ ಅಧಿಕೃತ ಬೆಳಕಿನ ವ್ಯವಸ್ಥೆಯೂ ಬಂತು. ಆದರೆ ನಿಮ್ಮ ಮನೆ ಇರುವುದು ಜಾವಾದಲ್ಲಿ, ಅಲ್ಲೇ ಇರಲಿ.

ಈಗ ಕತ್ತಲೆಗೆ ಮದ್ದು. ಶೇಡರ್ ಸೆಟ್ಟಿಂಗ್‌ನಲ್ಲಿ ಒಳಗಿನ ಕನಿಷ್ಠ ಬೆಳಕನ್ನು ಏರಿಸಬಹುದು, ಕಾಂಪ್ಲಿಮೆಂಟರಿಯಲ್ಲಿ ಕೇವ್ ಲೈಟಿಂಗ್ ಎಂದೇ ಒಂದು ಆಯ್ಕೆ ಇದೆ. ಅದನ್ನು ಒಂದೆರಡು ಮೆಟ್ಟಿಲಿಗಿಂತ ಹೆಚ್ಚು ಏರಿಸಬೇಡಿ. ನೆರಳೆಲ್ಲ ಬೂದಿ ಬಣ್ಣಕ್ಕೆ ತಿರುಗಿ ಮನೆಯ ಆಳವೇ ಹೋಗುತ್ತದೆ. ಅದಕ್ಕಿಂತ ಒಳ್ಳೆಯ ಉಪಾಯವನ್ನು ನಮ್ಮ ಹಿರಿಯರೇ ಕಂಡುಕೊಂಡಿದ್ದರು: ಗಾಜಿನ ಹೆಂಚು. ಅಜ್ಜನ ಮನೆಯ ಅಡುಗೆಮನೆಯಲ್ಲೋ ನಡುಮನೆಯಲ್ಲೋ ಒಂದಾದರೂ ಇದ್ದಿರಬೇಕು, ಫೋಟೊದಲ್ಲಿ ಹುಡುಕಿ ನೋಡಿ. ಮೈನ್‌ಕ್ರಾಫ್ಟ್‌ನಲ್ಲಿ ಗಾಜು ಆಕಾಶದ ಬೆಳಕನ್ನು ಒಂದಂಕೆಯೂ ಕಡಿಮೆ ಮಾಡದೆ ಕೆಳಗೆ ಬಿಡುತ್ತದೆ. ಹೆಂಚಿನ ಸಾಲಿನ ನಡುವೆ ಒಂದೇ ಒಂದು ಗಾಜಿನ ಬ್ಲಾಕ್ ಇಟ್ಟರೆ ಅದರ ನೇರ ಕೆಳಗಿನ ನೆಲಕ್ಕೆ 15 ಸಿಗುತ್ತದೆ, ಅಲ್ಲಿಂದ ಕೋಣೆಯೆಲ್ಲ 14, 13 ಎಂದು ಹರಡುತ್ತದೆ. ಶೇಡರ್ ಹಾಕಿದಾಗ ಬಿಸಿಲಿನ ಚೌಕವೊಂದು ನೆಲದ ಮೇಲೆ ಬಿದ್ದು, ಹೊತ್ತು ಸರಿದಂತೆ ಗೋಡೆ ಏರುತ್ತದೆ. ವಾಲ್ಯೂಮೆಟ್ರಿಕ್ ಲೈಟ್ ಆನ್ ಇದ್ದರೆ ಒಲೆಯ ಹೊಗೆಯಲ್ಲಿ ಕಾಣುತ್ತಿದ್ದಂಥ ಬೆಳಕಿನ ಕೋಲೂ ಕಾಣಬಹುದು. ಒಂದು ಎಚ್ಚರ: ಅನೇಕ ಪ್ಯಾಕ್‌ಗಳು ನೆಲ ಒದ್ದೆಯೋ ಒಣಗಿದೆಯೋ ಎಂಬುದನ್ನೂ ಆಕಾಶದ ಬೆಳಕಿನ ಅಂಕೆ ನೋಡಿಯೇ ತೀರ್ಮಾನಿಸುತ್ತವೆ. ಹಾಗಾಗಿ ಮಳೆ ಬಂದಾಗ ಗಾಜಿನ ಹೆಂಚಿನ ಕೆಳಗಿನ ನೆಲ ಒದ್ದೆಯಾದಂತೆ ಹೊಳೆದರೆ ಗಾಬರಿಯಾಗಬೇಡಿ.

ದೇವರ ಕೋಣೆಗೆ ಟಾರ್ಚ್ ಇಟ್ಟಿದ್ದರೆ ತೆಗೆಯಿರಿ. ಟಾರ್ಚಿನ ಬೆಳಕು 14, ನಂದಾದೀಪಕ್ಕೆ ಅದು ಅತಿಯಾಯಿತು. ಒಂದು ಕ್ಯಾಂಡಲ್ ಕೊಡುವುದು 3, ಎರಡು ಸೇರಿದರೆ 6. ಆ ಕತ್ತಲಲ್ಲಿ 3 ಸಾಕು.

ಇನ್ನು ಬಿಸಿಲಿನ ಕೋನ. ನನಗೆ ಇಡೀ ಶೇಡರ್ ಕೆಲಸದಲ್ಲಿ ಅತ್ಯಂತ ಇಷ್ಟದ ಸೆಟ್ಟಿಂಗ್ ಇದು, ಮುಟ್ಟುವವರು ಮಾತ್ರ ಕಡಿಮೆ. ಮೂಲ ಆಟದಲ್ಲಿ ಸೂರ್ಯ ಪೂರ್ವದಲ್ಲಿ ಹುಟ್ಟಿ ನೆತ್ತಿಯ ಮೇಲೇ ಹಾದು ಪಶ್ಚಿಮಕ್ಕೆ ಇಳಿಯುತ್ತಾನೆ. ಮಧ್ಯಾಹ್ನ ನೆರಳು ಕಾಲ ಕೆಳಗೇ ಬೀಳುವುದರಿಂದ ಚಿತ್ರ ಸಪ್ಪೆಯಾಗುತ್ತದೆಂದು ಹಲವು ಶೇಡರ್ ಕರ್ತರು ಸೂರ್ಯನ ದಾರಿಯನ್ನು ಒಂದು ಪಕ್ಕಕ್ಕೆ ವಾಲಿಸಿಟ್ಟಿರುತ್ತಾರೆ. ಸನ್ ಆ್ಯಂಗಲ್ ಅಥವಾ ಸನ್ ಪಾತ್ ರೊಟೇಶನ್ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ.

ತೀರ್ಥಹಳ್ಳಿ ಇರುವುದು ಹೆಚ್ಚುಕಡಿಮೆ 13.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ ಅಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ಆಗ ಕೋನ 0. ಡಿಸೆಂಬರ್ ಕೊನೆಯಲ್ಲಿ ಅದೇ ಸೂರ್ಯ ನೆತ್ತಿಯಿಂದ ಸುಮಾರು 37 ಡಿಗ್ರಿ ದಕ್ಷಿಣಕ್ಕೆ ವಾಲಿರುತ್ತಾನೆ. ಅಂದರೆ ಈ ಒಂದು ಸೆಟ್ಟಿಂಗ್ ನಿಮಗೆ ಪಂಚಾಂಗದ ಹಾಗೆ ಕೆಲಸ ಮಾಡುತ್ತದೆ. ಕೋನ 0ಕ್ಕೆ ಇಟ್ಟರೆ ಬೇಸಿಗೆ ರಜೆಯ ಮಧ್ಯಾಹ್ನ: ಬಿಸಿಲು ತೊಟ್ಟಿಯ ನಡುವೆ ಮಾತ್ರ, ಜಗಲಿಯೆಲ್ಲ ತಂಪು. 37ರ ಹತ್ತಿರ ಇಟ್ಟರೆ ಅಡಿಕೆ ಕೊಯ್ಲಿನ ಚಳಿಗಾಲ: ಸೂರಿನ ಅಂಚು ನೆಲದಿಂದ 4 ಬ್ಲಾಕ್ ಎತ್ತರದಲ್ಲಿದ್ದರೆ ಬಿಸಿಲು 3 ಬ್ಲಾಕಿನಷ್ಟು ಉತ್ತರಕ್ಕೆ ಸರಿದು ಉತ್ತರದ ಜಗಲಿಯನ್ನು ಏರುತ್ತದೆ. ಅಮ್ಮನಿಗೆ ಆ ಮನೆ ಯಾವ ಕಾಲದ್ದು ನೆನಪು ಎಂದು ಮೊದಲೇ ಮಾತಿನ ನಡುವೆ ಕೇಳಿಟ್ಟುಕೊಳ್ಳಿ. ಸೂರ್ಯ ಯಾವ ಕಡೆಗೆ ವಾಲಿದ್ದಾನೆಂದು ತಿಳಿಯಲು ಅವನ ಕಡೆ ಮುಖ ಮಾಡಿ ಎಫ್3 ಒತ್ತಿ, ನೀವು ನೋಡುತ್ತಿರುವ ದಿಕ್ಕು ಅಲ್ಲಿ ಬರೆದಿರುತ್ತದೆ. ಉತ್ತರಕ್ಕೆ ವಾಲಿದ್ದರೆ ಅಂಕೆಯ ಚಿಹ್ನೆ ಬದಲಿಸಿ. ನೀವು ಮನೆ ಕಟ್ಟುವಾಗ ದಿಕ್ಕು ತಪ್ಪಿಸಿದ್ದರೆ ಮಾತ್ರ ಇದೆಲ್ಲ ಕೂಡಿ ಬರುವುದಿಲ್ಲ. ಮುಂಬಾಗಿಲು ಯಾವ ಕಡೆಗಿತ್ತೆಂದು ಮನೆಯ ಹಿರಿಯರನ್ನು ಕೇಳಿ ಖಚಿತ ಮಾಡಿಕೊಳ್ಳಿ.

ಮಳೆಯ ಬಗ್ಗೆ ನೀವು ಬರೆದಿಲ್ಲ, ಆದರೆ ಮಲೆನಾಡಿನ ತೊಟ್ಟಿಮನೆಗೆ ಮಳೆಯಿಲ್ಲದೆ ಹೇಗೆ? ಮನೆ ಕಟ್ಟಿದ ಜಾಗ ಸವನ್ನಾ ಅಥವಾ ಮರುಭೂಮಿ ಬಯೋಮ್ (ಆಟದೊಳಗಿನ ಹವಾಮಾನ ಪ್ರದೇಶ) ಆಗಿದ್ದರೆ ಅಲ್ಲಿ ಮಳೆಯೇ ಬೀಳುವುದಿಲ್ಲ. ಜಂಗಲ್ ಬಯೋಮ್‌ನಲ್ಲಿ ಮಳೆಯೂ ಬೀಳುತ್ತದೆ, ಹುಲ್ಲಿಗೆ ಆಷಾಢದ ಹಸಿರೂ ಬರುತ್ತದೆ. ಕಾಂಪ್ಲಿಮೆಂಟರಿಯಲ್ಲಿ ಮಳೆನೀರು ನಿಂತ ಗುಂಡಿಗಳನ್ನು ತೋರಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ತೊಟ್ಟಿಯಲ್ಲಿ ನಿಂತ ನೀರಿನಲ್ಲಿ ಸೂರಿನ ಪ್ರತಿಬಿಂಬ ಕಾಣುತ್ತದೆ, ಆದರೆ ತಲೆ ತಗ್ಗಿಸಿ ನೀರನ್ನೇ ನೋಡಿದ ಕೂಡಲೇ ಅದು ಮಾಯವಾಗುತ್ತದೆ. ಅದು ನಿಮ್ಮ ಕಾರ್ಡಿನ ದೋಷವಲ್ಲ. ಈ ಪ್ಯಾಕ್‌ಗಳು ಪ್ರತಿಬಿಂಬಕ್ಕೆ ತೆರೆಯ ಮೇಲೆ ಆಗಲೇ ಕಾಣುತ್ತಿರುವ ಚಿತ್ರವನ್ನೇ ಬಳಸುತ್ತವೆ. ಸೂರು ತೆರೆಯಿಂದಾಚೆ ಹೋದರೆ ಪ್ರತಿಬಿಂಬಿಸಲು ಏನೂ ಉಳಿಯುವುದಿಲ್ಲ.

ಪ್ಯಾಕ್‌ಗಳ ಆಯ್ಕೆಗೆ ಬರೋಣ. ಇವೆಲ್ಲ ಒಬ್ಬೊಬ್ಬರೇ ಆಸಕ್ತರು ವರ್ಷಗಟ್ಟಲೆ ಕೂತು ತಿದ್ದಿದ ಕೆಲಸ, ಮತ್ತು ಇವುಗಳ ನಡುವೆ ವಂಶಾವಳಿಯೂ ಇದೆ. ಬಿಎಸ್‌ಎಲ್ ಎಂಬ ಹಳೆಯ, ಗಟ್ಟಿಯಾದ ಪ್ಯಾಕ್‌ನಿಂದ ಕವಲೊಡೆದದ್ದು ಕಾಂಪ್ಲಿಮೆಂಟರಿ. ಚೊಕಾಪಿಕ್13 ಎಂಬುದರಿಂದ ಬೆಳೆದದ್ದು ಬ್ಲಿಸ್. ಕಾಂಪ್ಲಿಮೆಂಟರಿಯಲ್ಲಿ ಎರಡು ಮುಖ: ರೀಇಮ್ಯಾಜಿನ್ಡ್ ಮೈನ್‌ಕ್ರಾಫ್ಟ್‌ನ ಮೂಲ ಚಹರೆಯನ್ನು ಕಾಪಾಡುತ್ತದೆ, ಅನ್‌ಬೌಂಡ್ ನಿಜದ ಕಡೆಗೆ ಹೆಚ್ಚು ವಾಲುತ್ತದೆ. ನಾನು ಅನ್‌ಬೌಂಡ್ ಹೇಳಿದ್ದಕ್ಕೆ ಕಾರಣ ಅದರ ಮೋಡವಲ್ಲ. ಒಳಾಂಗಣವನ್ನು ಅದು ಹದವಾಗಿ ಹಿಡಿಯುತ್ತದೆ, ಸೆಟ್ಟಿಂಗ್‌ಗಳಿಗೆ ವಿವರಣೆ ಇದೆ, ಪಾಲಿಶ್ ಮಾಡಿದ ಕಲ್ಲಿನಂಥ ಬ್ಲಾಕ್‌ಗಳಿಗೆ ಬೇರೆ ಟೆಕ್ಸ್ಚರ್ (ಬ್ಲಾಕಿನ ಮೇಲ್ಮೈ ಚಿತ್ರ) ಇಲ್ಲದೆಯೇ ತಕ್ಕ ಹೊಳಪು ಕೊಡುತ್ತದೆ. ಗಾರೆ ನೆಲಕ್ಕೆ ಪಾಲಿಶ್ಡ್ ಗ್ರಾನೈಟ್ ಹಾಕಿ ನೋಡಿ, ತಿಕ್ಕಿ ತಿಕ್ಕಿ ಹೊಳಪು ಬಂದ ನೆಲದ ಹಾಗೆ ಕಾಣುತ್ತದೆ. ಪೊಟೇಟೊದಿಂದ ಅಲ್ಟ್ರಾದವರೆಗೆ ಪ್ರೊಫೈಲ್‌ಗಳೂ ಇರುವುದರಿಂದ ಯಂತ್ರಕ್ಕೆ ತಕ್ಕಂತೆ ಏರಿಳಿಸುವುದು ಸುಲಭ.

ಫೋಟಾನ್ ಎಂಬ ಪ್ಯಾಕ್‌ನ ಆಕಾಶ ಮತ್ತು ಮಂಜು ನನಗೆ ಇನ್ನೂ ಹೆಚ್ಚು ಹಿಡಿಸುತ್ತವೆ. ಬೆಳಗಿನ ಮಲೆನಾಡು ಬೇಕಿದ್ದರೆ ಅದನ್ನೊಮ್ಮೆ ಹಾಕಿ, ಭಾರವೆನಿಸಿದರೆ ಹಿಂದಕ್ಕೆ ಬನ್ನಿ. ಬ್ಲಿಸ್ ಕೂಡ ಚೆಂದವೇ, ಮೋಡ ಮಂಜುಗಳಿಗೆ ಹೆಸರಾದದ್ದು, ಆದರೆ ನಿಮ್ಮ ಕಾರ್ಡಿನಲ್ಲಿ ಸಾಕಷ್ಟು ಕಡಿತ ಮಾಡಬೇಕಾದೀತು. ಕಪ್ಪಾ, ರೀಥಿಂಕಿಂಗ್ ವಾಕ್ಸೆಲ್ಸ್, ಪಿಟಿಜಿಐ ಇವನ್ನು ಮುಂದೆ ದೊಡ್ಡ ಯಂತ್ರ ಬಂದ ದಿನಕ್ಕೆ ಇಟ್ಟುಕೊಳ್ಳಿ. ಸಿಲ್ಡರ್ಸ್ ವೈಬ್ರೆಂಟ್ ಹಗುರವಾಗಿ ಓಡುತ್ತದೆ, ಆದರೆ ಅದರ ಬಣ್ಣ ಹಬ್ಬದ ತೋರಣದಂತೆ ಗಾಢ. ಮಸಿ ಹಿಡಿದ ಮರದ ಕಂಬಕ್ಕೆ ಅದು ಹೊಂದುವುದಿಲ್ಲ.

12 ಎಫ್‌ಪಿಎಸ್‌ನ ಪೂರ್ತಿ ತಪ್ಪನ್ನು ಶೇಡರ್ ಮೇಲೆ ಹೊರಿಸುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಎಫ್3 ಒತ್ತಿದಾಗ ಬರುವ ಬರಹದಲ್ಲಿ ಯಾವ ಗ್ರಾಫಿಕ್ಸ್ ಕಾರ್ಡಿನ ಹೆಸರಿದೆ ನೋಡಿ. ನಿಮ್ಮಂಥ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಎರಡಿರುತ್ತವೆ: ಪ್ರೊಸೆಸರ್ ಒಳಗಿನದೊಂದು, ಎನ್‌ವಿಡಿಯಾದ್ದೊಂದು. ಜಾವಾ ಪ್ರೋಗ್ರಾಮನ್ನು ವಿಂಡೋಸ್ ಎಷ್ಟೋ ಸಲ ಒಳಗಿನದಕ್ಕೇ ಕಟ್ಟಿಬಿಡುತ್ತದೆ. ನಾನು ಮೊದಲ ಲ್ಯಾಪ್‌ಟಾಪಿನಲ್ಲಿ ತಿಂಗಳುಗಟ್ಟಲೆ ಹೀಗೇ ಆಡಿದ್ದೆ. ಪ್ಯಾಕ್ ಮೇಲೆ ಪ್ಯಾಕ್ ಬದಲಿಸಿದರೂ ಚಿತ್ರ ಕುಂಟುತ್ತಲೇ ಇತ್ತು, ಒಳ್ಳೆಯ ಕಾರ್ಡ್ ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ, ಆಟ ಬಳಸುವ ಜಾವಾ ಫೈಲನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ಚಾರ್ಜರ್ ಸಿಕ್ಕಿಸಿಯೇ ಆಡಿ. ಕರೆಂಟ್ ಹೋಗಿ ಬ್ಯಾಟರಿಗೆ ಬಂದರೆ ಕಾರ್ಡ್ ತನ್ನ ವೇಗವನ್ನು ಬಹಳ ಇಳಿಸಿಕೊಳ್ಳುತ್ತದೆ.

ಆಟಕ್ಕೆ ಹೆಚ್ಚು ರ‍್ಯಾಮ್ ಕೊಟ್ಟರೆ ಶೇಡರ್ ವೇಗವಾಗುತ್ತದೆ ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಶೇಡರ್ ನಡೆಯುವುದು ಕಾರ್ಡಿನ ಮೇಲೆ, ಅದು ಮುಖ್ಯವಾಗಿ ಬಳಸುವುದು ಕಾರ್ಡಿನದೇ 4 ಜಿಬಿ ಮೆಮೊರಿ. ಜಾವಾಕ್ಕೆ 3 ಅಥವಾ 4 ಜಿಬಿ ಕೊಟ್ಟು ಉಳಿದದ್ದನ್ನು ವಿಂಡೋಸಿಗೆ ಬಿಡಿ. 6 ಕೊಟ್ಟರೆ 8 ಜಿಬಿಯ ಯಂತ್ರ ಉಸಿರುಗಟ್ಟುತ್ತದೆ.

ವೇಗಕ್ಕೆ ನಿಜವಾಗಿ ತೂಕ ಇರುವುದು ಮೂರು ಕಡೆ. ರೆಂಡರ್ ಡಿಸ್ಟೆನ್ಸ್ 16 ಎಂದರೆ ನಿಮ್ಮ ಸುತ್ತ 33ಕ್ಕೆ 33, ಅಂದರೆ 1089 ಚಂಕ್‌ಗಳು (ಆಟ ತನ್ನ ಲೋಕವನ್ನು ಹಂಚಿಕೊಳ್ಳುವ ಚೌಕ ತುಂಡುಗಳು). 8 ಎಂದರೆ 289. ಮನೆಯೊಳಗೆ ಕೂತವರಿಗೆ 289 ಧಾರಾಳ. ತೆರೆಯ ಅಳತೆ ಎರಡನೆಯದು: 1920ಕ್ಕೆ 1080 ಎಂದರೆ ಸುಮಾರು 20.7 ಲಕ್ಷ ಚುಕ್ಕೆ, 1366ಕ್ಕೆ 768 ಎಂದರೆ ಸುಮಾರು 10.5 ಲಕ್ಷ. ಶೇಡರಿನ ಬಹುಪಾಲು ಕೆಲಸ ಚುಕ್ಕೆ ಚುಕ್ಕೆಗೂ ನಡೆಯುವುದರಿಂದ ಇಲ್ಲಿ ಇಳಿಸಿದ್ದು ನೇರವಾಗಿ ವೇಗವಾಗಿ ಬರುತ್ತದೆ. ಮೂರನೆಯದು ನೆರಳು. ಶ್ಯಾಡೊ ರೆಸಲ್ಯೂಶನ್ 2048ರಿಂದ 4096ಕ್ಕೆ ಏರಿಸಿದರೆ ನೆರಳಿನ ನಕ್ಷೆ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಅದರ ಬದಲು 2048ರಲ್ಲೇ ಇಟ್ಟು ಶ್ಯಾಡೊ ಡಿಸ್ಟೆನ್ಸ್ ಕಡಿಮೆ ಮಾಡಿ. ಅದೇ ನಕ್ಷೆ ಚಿಕ್ಕ ಜಾಗಕ್ಕೆ ಹಂಚಿಕೆಯಾಗುವುದರಿಂದ ಕಂಬದ ನೆರಳು, ಕಿಟಕಿ ಸರಳಿನ ನೆರಳು ಚೂಪಾಗುತ್ತವೆ, ಭಾರವೂ ಇಳಿಯುತ್ತದೆ. ದೂರದ ಗುಡ್ಡದ ಮರಗಳಿಗೆ ನೆರಳಿಲ್ಲದಿದ್ದರೆ ಜಗಲಿಯಿಂದ ಯಾರಿಗೂ ಗೊತ್ತಾಗದು. ಮೋಶನ್ ಬ್ಲರ್, ಡೆಪ್ತ್ ಆಫ್ ಫೀಲ್ಡ್ ಎರಡನ್ನೂ ಆಫ್ ಮಾಡಿ. ಅವು ಕ್ಯಾಮೆರಾದ ಗುಣಗಳು, ಮನೆಯಲ್ಲಿ ಓಡಾಡುವವರ ಕಣ್ಣಿಗೆ ಬೇಕಿಲ್ಲ.

ಟೆಕ್ಸ್ಚರ್ ಪ್ಯಾಕ್ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಮೂಲ ಬ್ಲಾಕಿನ ಮುಖ 16ಕ್ಕೆ 16 ಚುಕ್ಕೆ. 256ರ ಪ್ಯಾಕ್ ಹಾಕಿದರೆ ಪ್ರತಿ ಮುಖಕ್ಕೂ 256 ಪಟ್ಟು ಹೆಚ್ಚು ಚುಕ್ಕೆ, ನಿಮ್ಮ 4 ಜಿಬಿ ಅಲ್ಲೇ ತುಂಬಿಹೋಗುತ್ತದೆ. ಬೇಕೇ ಬೇಕೆಂದರೆ 32 ಅಥವಾ 64ರದ್ದು ಸಾಕು, ಲ್ಯಾಬ್‌ಪಿಬಿಆರ್ (ಮೇಲ್ಮೈಯ ಹೊಳಪು, ಉಬ್ಬುತಗ್ಗುಗಳನ್ನು ಶೇಡರಿಗೆ ತಿಳಿಸುವ ವಿಧಾನ) ಬೆಂಬಲ ಇರುವುದನ್ನು ನೋಡಿ ತೆಗೆದುಕೊಳ್ಳಿ.

ಡೌನ್‌ಲೋಡ್‌ಗೆ ಮಾಡ್ರಿಂತ್ ಅಥವಾ ಕರ್ಸ್‌ಫೋರ್ಜ್ ಜಾಲತಾಣದಲ್ಲಿರುವ ಮೂಲ ಕರ್ತರ ಪುಟಗಳಿಗೇ ಹೋಗಿ. ಶೇಡರ್ ಪ್ಯಾಕ್ ಎಂದರೆ ಬರೀ ಜಿಪ್ ಫೈಲ್, ಒಳಗಿರುವುದು ಬಹುಪಾಲು ಬರಹದ ಕಡತಗಳು. ಶೇಡರ್ ಎಂದು ಹೇಳಿ ಇನ್‌ಸ್ಟಾಲ್ ಮಾಡಬೇಕಾದ ಪ್ರೋಗ್ರಾಮ್ ಕೊಟ್ಟರೆ ತೆರೆಯಬೇಡಿ, ವಿಡಿಯೊದ ಕೆಳಗೆ ಎಂಥ ಲಿಂಕ್ ಇದ್ದರೂ ಸರಿ. ಜಿಪ್ಪನ್ನು ಬಿಚ್ಚದೆ ಹಾಗೇ ಶೇಡರ್‌ಪ್ಯಾಕ್ಸ್ ಫೋಲ್ಡರಿಗೆ ಹಾಕಿದರಾಯಿತು.

ಹೋಲಿಕೆ ಮಾಡುವಾಗ ವರ್ಲ್ಡ್‌ನ ಒಂದು ನಕಲು ಇಟ್ಟುಕೊಂಡು, ಅದರಲ್ಲಿ ಜಗಲಿಯ ಅದೇ ಜಾಗದಲ್ಲಿ ನಿಲ್ಲಿ. ಟೈಮ್ ಸೆಟ್ ಕಮಾಂಡಿನಲ್ಲಿ 1000 ಕೊಟ್ಟರೆ ಬೆಳಗು, 6000 ಮಧ್ಯಾಹ್ನ, 12000 ಸಂಜೆ, 18000 ನಡುರಾತ್ರಿ. ನಾಲ್ಕರಲ್ಲೂ ನೋಡಿ, ಆಮೇಲೆ ಮಳೆ ಬರಿಸಿ ನೋಡಿ. ಐರಿಸ್‌ನಲ್ಲಿ ಕೆ ಕೀಲಿ ಒತ್ತಿದರೆ ಶೇಡರ್ ಆಫ್ ಆಗುತ್ತದೆ, ಮತ್ತೆ ಒತ್ತಿದರೆ ಆನ್. ಹಳೆಯ ಫೋಟೊ ಪಕ್ಕದಲ್ಲಿಟ್ಟುಕೊಂಡೇ ಇದನ್ನು ಮಾಡಿ. ಆದರೆ ಫೋಟೊದ ಬಣ್ಣಕ್ಕೆ ಹೊಂದಿಸಲು ಹೋಗಬೇಡಿ, ಹಳೆಯ ಪ್ರಿಂಟ್‌ಗಳು ಹಳದಿಗೆ ತಿರುಗಿರುತ್ತವೆ. ಎಲ್ಲಿ ಬೆಳಕಿದೆ, ಎಲ್ಲಿಂದ ಮಬ್ಬಾಗುತ್ತಾ ಹೋಗಿದೆ ಎಂಬುದನ್ನಷ್ಟೇ ನೋಡಿ.

ಅಮ್ಮನನ್ನು ಕರೆಯುವ ದಿನ ಟೈಮ್ 10000ದ ಆಸುಪಾಸು ಇಟ್ಟು ಮಳೆ ಆನ್ ಮಾಡಿ, ಅವರನ್ನು ಮುಂಬಾಗಿಲಿನಿಂದ ಒಳಗೆ ಕರೆತನ್ನಿ. ಮೌಸ್ ಅವರ ಕೈಗೇ ಕೊಡಿ. ನಿಧಾನಕ್ಕೆ ಜಗಲಿ ದಾಟಿ ತೊಟ್ಟಿಯ ಅಂಚಿಗೆ ಬರಲಿ, ಆಮೇಲೆ ಮಳೆ ನಿಲ್ಲಿಸಿ. ಮೋಡ ಸರಿದು ಇಳಿಬಿಸಿಲು ಒದ್ದೆ ಕಲ್ಲಿನ ಮೇಲೆ ಬೀಳಲು ಕೆಲವು ಕ್ಷಣ ಹಿಡಿಯುತ್ತದೆ. ಅಷ್ಟು ಹೊತ್ತು ನೀವಿಬ್ಬರೂ ಏನೂ ಹೇಳಬೇಡಿ.